ವ್ಯಾಕ್ಯೂಮ್ ಗೇಜ್ ತೋರಿಸುವ ಅಂಕಿಯನ್ನು ಎಷ್ಟು ನಂಬಬೇಕು? ಪಿರಾನಿ, ಪೆನ್ನಿಂಗ್ ಬಳಸುವವರಿಗೆ ಒಂದು ಮಾರ್ಗದರ್ಶಿ

ಕಾಲೇಜು ಲ್ಯಾಬಿನ ಕೋಟಿಂಗ್ ಯೂನಿಟ್ (ಗಾಳಿ ತೆಗೆದ ಚೇಂಬರಿನಲ್ಲಿ ಲೋಹದ ತೆಳು ಪದರ ಕೂರಿಸುವ ಯಂತ್ರ) ಮುಂದೆ ಮೊದಲ ಸಲ ನಿಂತವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಚೇಂಬರ್ ಒಂದೇ, ಒಳಗಿನ ಒತ್ತಡವೂ ಒಂದೇ, ಹಾಗಿದ್ದ ಮೇಲೆ ಎರಡು ಗೇಜ್ ಯಾಕೆ? ಪಿರಾನಿ ಅಂತ ಒಂದು, ಪೆನ್ನಿಂಗ್ ಅಂತ ಇನ್ನೊಂದು. ಒಂದು ಮೀಟರ್ ಸಾಕಲ್ವಾ?

ಸಾಕಾಗುವುದಿಲ್ಲ. ಯಾಕೆಂದರೆ ಆ ಎರಡರಲ್ಲಿ ಯಾವುದೂ ಒತ್ತಡವನ್ನು ನೇರವಾಗಿ ಅಳೆಯುವುದೇ ಇಲ್ಲ. ಸಮುದ್ರ ಮಟ್ಟದಲ್ಲಿ ಗಾಳಿ 1013 ಮಿಲಿಬಾರ್ ಒತ್ತಡ ಹಾಕುತ್ತದೆ. ಅಷ್ಟು ಬಲಕ್ಕೆ ಲೋಹದ ಕೊಳವೆ ಬಾಗುತ್ತದೆ, ಪಾದರಸ ಏರುತ್ತದೆ, ಮುಳ್ಳು ತಿರುಗುತ್ತದೆ. ಅಲ್ಯೂಮಿನಿಯಂ ಕೋಟಿಂಗಿಗೆ ಬೇಕಾದ 10⁻⁵ ಮಿಲಿಬಾರಿಗೆ ಬಂದಾಗ ಆ ಬಲ ಹತ್ತು ಕೋಟಿಯಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಅದರಿಂದ ಮುಳ್ಳು ಅಲ್ಲಾಡುವುದಿಲ್ಲ. ಹಾಗಾಗಿ ಗೇಜ್ ಬೇರೇನನ್ನೋ ಅಳೆಯುತ್ತದೆ. ಬಿಸಿ ತಂತಿಯಿಂದ ಗ್ಯಾಸ್ ಎಷ್ಟು ಶಾಖ ಹೊತ್ತೊಯ್ಯುತ್ತಿದೆ ಅಂತ ಪಿರಾನಿ ನೋಡುತ್ತದೆ. ಗ್ಯಾಸ್ ಅಣುಗಳು ಅಯಾನುಗಳಾಗಿ ಒಡೆದಾಗ ಹರಿಯುವ ಕರೆಂಟನ್ನು ಪೆನ್ನಿಂಗ್ ನೋಡುತ್ತದೆ. ಶಾಖ ಇಷ್ಟಿದ್ದರೆ, ಕರೆಂಟ್ ಇಷ್ಟಿದ್ದರೆ ಒತ್ತಡ ಇಷ್ಟಿರಬೇಕು ಅನ್ನುವ ಲೆಕ್ಕ ಗೇಜ್ ಮಾಡಿದವರದು. ಒಳಗಿರುವುದು ನೈಟ್ರೋಜನ್ ಅಥವಾ ಒಣ ಗಾಳಿ, ಗೇಜ್ ಒಳಗೆ ಕೊಳೆ ಇಲ್ಲ, ಈ ಎರಡನ್ನು ನಂಬಿಕೊಂಡು ಅವರು ಲೆಕ್ಕ ಹಾಕಿರುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಮೀಟರಿನ ಅಂಕಿ ತಪ್ಪು. ಗೇಜ್ ಬಳಸಲು ಕಲಿಯುವುದು ಅಂದರೆ ಮುಖ್ಯವಾಗಿ ಇದನ್ನು ತಿಳಿಯುವುದೇ.

ರೋಟರಿ ಪಂಪ್, ಡಿಫ್ಯೂಷನ್ ಪಂಪ್, ಪಿರಾನಿ, ಪೆನ್ನಿಂಗ್ ಇರುವ ಮಾಮೂಲಿ ಯೂನಿಟ್ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಮೊದಲ ಹಂತದ ಗಾಳಿ ಎಳೆಯುವುದು ರೋಟರಿ; ಅಲ್ಲಿಂದ ಕೆಳಕ್ಕೆ ಬಿಸಿ ಎಣ್ಣೆಯ ಆವಿಯ ಬಲದಿಂದ ಎಳೆಯುವುದು ಡಿಫ್ಯೂಷನ್ ಪಂಪ್. ಡಿಫ್ಯೂಷನ್ ಬದಲು ಟರ್ಬೊ ಪಂಪ್ ಇದ್ದವರಿಗೂ ಗೇಜಿನ ವಿಷಯ ಬಹುತೇಕ ಇದೇ.

ಮೊದಲು ಮೀಟರಿನ ಮೇಲೆ ಏನು ಬರೆದಿದೆ ನೋಡಿ

ಮಿಲಿಬಾರ್, ಟಾರ್, ಪ್ಯಾಸ್ಕಲ್, ಮೈಕ್ರಾನ್. ನಾಲ್ಕೂ ಚಾಲ್ತಿಯಲ್ಲಿವೆ, ಒಂದೇ ಲ್ಯಾಬಿನಲ್ಲಿ ನಾಲ್ಕೂ ಸಿಗಬಹುದು. 1 ಮಿಲಿಬಾರ್ ಅಂದರೆ 100 ಪ್ಯಾಸ್ಕಲ್. 1 ಟಾರ್ ಅಂದರೆ 1.33 ಮಿಲಿಬಾರ್. 1 ಮೈಕ್ರಾನ್ ಅಂದರೆ ಟಾರಿನ ಸಾವಿರದಲ್ಲೊಂದು ಭಾಗ. ಟಾರ್ ಮತ್ತು ಮಿಲಿಬಾರ್ ಹತ್ತಿರ ಹತ್ತಿರ ಇರುವುದರಿಂದ ಗೊಂದಲವಾದರೂ ದೊಡ್ಡ ಅನಾಹುತ ಆಗುವುದಿಲ್ಲ. ಪ್ಯಾಸ್ಕಲ್ ಮೀಟರನ್ನು ಮಿಲಿಬಾರ್ ಅಂದುಕೊಂಡರೆ ಮಾತ್ರ ನೂರು ಪಟ್ಟು ತಪ್ಪು. ಮೀಟರ್ ಪಕ್ಕದಲ್ಲಿ ಮಾನವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಬೆಂಗಳೂರು, ಮೈಸೂರು ಕಡೆಯವರಿಗೆ ಇನ್ನೊಂದು ಮಾತು. ಪಂಪಿನ ಮೇಲಿರುವ ಗುಂಡಗಿನ ಡಯಲ್ ಗೇಜ್, ಅಂದರೆ ಬೋರ್ಡನ್ ಗೇಜ್, ಹೊರಗಿನ ಗಾಳಿಗೆ ಹೋಲಿಸಿ ಒಳಗೆ ಎಷ್ಟು ಕಡಿಮೆ ಇದೆ ಅಂತ ಮಾತ್ರ ತೋರಿಸುತ್ತದೆ. ಮಂಗಳೂರಿನಲ್ಲಿ ಅದು 760 ಮಿಲಿಮೀಟರ್ ಪಾದರಸದ ಹತ್ತಿರ ಹೋಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 910 ಮಿಲಿಬಾರ್. ಹಾಗಾಗಿ ಎಷ್ಟೇ ಒಳ್ಳೆಯ ಪಂಪ್ ಇದ್ದರೂ ಮುಳ್ಳು 680ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಂಪ್ ಕೆಟ್ಟಿದೆ ಅಂತ ಬಿಚ್ಚಲು ಹೋಗಬೇಡಿ. ಈ ಡಯಲಿನಲ್ಲಿ 1 ಮಿಲಿಬಾರ್ ಮತ್ತು 0.01 ಮಿಲಿಬಾರ್ ನಡುವೆ ವ್ಯತ್ಯಾಸವೂ ಕಾಣುವುದಿಲ್ಲ. ಪಂಪ್ ಎಳೆಯುತ್ತಿದೆಯೋ ಇಲ್ಲವೋ ಅಂತ ನೋಡಲು ಅದು ಸಾಕು, ಅದಕ್ಕಿಂತ ಜಾಸ್ತಿ ಕೇಳಬೇಡಿ.

ಪಿರಾನಿಯನ್ನು ಹೊಂದಿಸುವುದು

ಮಾರ್ಚೆಲ್ಲೊ ಪಿರಾನಿ ಈ ಗೇಜನ್ನು 1906ರಲ್ಲಿ ಬರ್ಲಿನ್‌ನಲ್ಲಿ ಮಾಡಿದರು. ಅವರಿದ್ದದ್ದು ವಿದ್ಯುತ್ ಬಲ್ಬ್ ತಯಾರಿಸುವ ಕಡೆ. ಆಗ ಎಲ್ಲರೂ ನಂಬಿದ್ದು 1874ರ ಮ್ಯಾಕ್ಲಿಯಾಡ್ ಗೇಜನ್ನು. ಗಾಜಿನ ಕೊಳವೆ, ಪಾದರಸ, ಒಂದೊಂದು ಅಳತೆಗೂ ಪಾದರಸ ಏರಿಸಿ ಇಳಿಸುವ ಕೆಲಸ. ಪಿರಾನಿಯದು ಸರಳ: ಒಂದು ತೆಳ್ಳನೆಯ ತಂತಿ, ಅದನ್ನು ಬಿಸಿ ಮಾಡುವ ಕರೆಂಟ್, ತಂತಿಯ ರೆಸಿಸ್ಟೆನ್ಸ್ ನೋಡುವ ಬ್ರಿಡ್ಜ್ ಸರ್ಕ್ಯೂಟ್. ಗ್ಯಾಸ್ ಕಡಿಮೆಯಾದಂತೆ ತಂತಿಯಿಂದ ಹೋಗುವ ಶಾಖವೂ ಕಡಿಮೆ.

ಸ್ವಿಚ್ ಹಾಕಿದ ಕೂಡಲೇ ಅಂಕಿ ಬರೆದುಕೊಳ್ಳಬೇಡಿ. ಕಾಲು ಗಂಟೆಯಿಂದ ಅರ್ಧ ಗಂಟೆ ಬಿಡಿ. ಆಮೇಲೆ ಚೇಂಬರ್ ತೆರೆದಿರುವಾಗಲೇ ಗಾಳಿಯ ಕಡೆಯ ಸ್ಕ್ರೂ ತಿರುಗಿಸಿ ಮುಳ್ಳನ್ನು ಸ್ಕೇಲಿನ ವಾತಾವರಣದ ಗುರುತಿಗೆ ತನ್ನಿ. ಇದು ಸುಲಭ, ಇಲ್ಲಿ ಯಾರೂ ಎಡವುವುದಿಲ್ಲ. ಸೊನ್ನೆಯ ಕಡೆಯ ಸ್ಕ್ರೂ ಇದೆಯಲ್ಲ, ಕೆಲಸ ಕೆಡುವುದು ಅಲ್ಲಿ. ರೋಟರಿ ಪಂಪ್ ಒಂದು ಗಂಟೆ ಓಡಿಸಿ, ಇನ್ನು ಇಳಿಯುವುದಿಲ್ಲ ಅಂದ ಮೇಲೆ, ಅದನ್ನೇ ಸೊನ್ನೆ ಅಂತ ಹೊಂದಿಸಿಬಿಡುವುದು ಬಹಳ ಕಡೆ ನಡೆಯುವ ರೂಢಿ. ಆ ಹೊತ್ತಿನಲ್ಲಿ ಒಳಗಿನ ಒತ್ತಡ 10⁻² ಮಿಲಿಬಾರ್ ಇರಬಹುದು. ಅದನ್ನು ಸೊನ್ನೆ ಮಾಡಿದಿರಿ ಅಂದರೆ ಅವತ್ತಿನಿಂದ ಸ್ಕೇಲಿನ ಕೆಳ ತುದಿಯ ಅಂಕಿಗಳೆಲ್ಲ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತವೆ, ಕೋಟಿಂಗ್ ಮಾತ್ರ ಮಸುಕಾಗಿ ಬರುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಸೊನ್ನೆ ಹೊಂದಿಸಬೇಕಾದದ್ದು ನಿಜವಾದ ಒತ್ತಡ 10⁻⁴ ಮಿಲಿಬಾರಿಗಿಂತ ಕೆಳಗಿರುವಾಗ. ಡಿಫ್ಯೂಷನ್ ಪಂಪ್ ಓಡುತ್ತಿದ್ದು, ಪೆನ್ನಿಂಗ್ 10⁻⁵ ತೋರಿಸುತ್ತಿರುವಾಗ ಚೇಂಬರಿನ ಪಿರಾನಿ ಹೆಡ್ (ತಂತಿ ಇರುವ ಭಾಗ) ಹೊಂದಿಸಿ. ಬ್ಯಾಕಿಂಗ್ ಲೈನಿನಲ್ಲಿರುವ (ಅಂದರೆ ಡಿಫ್ಯೂಷನ್ ಪಂಪಿನಿಂದ ರೋಟರಿಗೆ ಹೋಗುವ ಪೈಪಿನಲ್ಲಿರುವ) ಹೆಡ್ ಅಷ್ಟು ಕೆಳಗೆ ಎಂದೂ ಹೋಗುವುದಿಲ್ಲ. ಅದನ್ನು ಬಿಚ್ಚಿ ಒಮ್ಮೆ ಚೇಂಬರಿನ ಪೋರ್ಟಿಗೆ ಕೂರಿಸಿ, ಹೊಂದಿಸಿ, ವಾಪಸ್ ಹಾಕಿ. ಹೆಡ್ ಬದಲಿಸಿದರೆ, ಕೇಬಲ್ ಉದ್ದ ಬದಲಿಸಿದರೆ, ಎರಡೂ ಕಡೆ ಮತ್ತೆ ಹೊಂದಿಸಬೇಕು.

ಪಿರಾನಿ ಚೆನ್ನಾಗಿ ಓದುವುದು ಸುಮಾರು 10 ಮಿಲಿಬಾರಿನಿಂದ 10⁻³ ಮಿಲಿಬಾರಿನವರೆಗೆ. ಅದಕ್ಕಿಂತ ಮೇಲೆ ಗ್ಯಾಸ್ ಎಷ್ಟಿದ್ದರೂ ಹೊತ್ತೊಯ್ಯುವ ಶಾಖ ಹೆಚ್ಚು ಬದಲಾಗುವುದಿಲ್ಲ, ಅದಕ್ಕೇ ಸ್ಕೇಲಿನ ಆ ತುದಿಯಲ್ಲಿ ಗುರುತುಗಳು ಒಂದರ ಮೇಲೊಂದು ಬಿದ್ದಂತಿರುತ್ತವೆ. 10⁻³ಕ್ಕಿಂತ ಕೆಳಗೆ ಗ್ಯಾಸ್ ಒಯ್ಯುವ ಶಾಖಕ್ಕಿಂತ ತಂತಿಯ ತುದಿಗಳಿಂದ ಮತ್ತು ವಿಕಿರಣದಿಂದ ಹೋಗುವ ಶಾಖವೇ ಜಾಸ್ತಿ. ಅಲ್ಲಿ ಪಿರಾನಿಯ ಮಾತು ಕೇಳಬೇಡಿ.

ಪಂಪ್ ಮಾಡುತ್ತಾ ಓದುವುದು

ರೋಟರಿ ಚಾಲೂ ಮಾಡಿ, ಮೊದಲು ಬ್ಯಾಕಿಂಗ್ ಲೈನ್ ಎಳೆಸಿ. ಬ್ಯಾಕಿಂಗ್ ಪಿರಾನಿ 5×10⁻² ಮಿಲಿಬಾರ್ ತೋರಿಸಿದ ಮೇಲೆ, ತಣ್ಣೀರು ಹರಿಯುತ್ತಿದೆ ಅಂತ ಕೈಯಾರೆ ಮುಟ್ಟಿ ನೋಡಿ, ಡಿಫ್ಯೂಷನ್ ಪಂಪಿನ ಹೀಟರ್ ಹಾಕಿ. ಅದು ಕಾಯಲು ಅರ್ಧ ಗಂಟೆ ಬೇಕು. ಕಾದ ಮೇಲೆ ಬ್ಯಾಕಿಂಗ್ ವಾಲ್ವ್ ಮುಚ್ಚಿ, ರಫಿಂಗ್ ವಾಲ್ವ್ (ಚೇಂಬರನ್ನು ನೇರವಾಗಿ ರೋಟರಿಗೆ ಸೇರಿಸುವ ವಾಲ್ವ್) ತೆರೆದು ಚೇಂಬರ್ ಎಳೆಸಿ.

ಈ ಹೊತ್ತಿನಲ್ಲಿ ಗಡಿಯಾರ ನೋಡಿ. ಚೇಂಬರ್ 30 ಲೀಟರ್, ಪಂಪ್ ನಿಮಿಷಕ್ಕೆ 200 ಲೀಟರ್ ಎಳೆಯುವುದು ಅಂದುಕೊಳ್ಳಿ. ಒತ್ತಡ ಹತ್ತನೇ ಒಂದು ಭಾಗಕ್ಕೆ ಇಳಿಯಲು ಲೆಕ್ಕದ ಪ್ರಕಾರ ಸುಮಾರು 20 ಸೆಕೆಂಡ್ ಸಾಕು. 1000ದಿಂದ 1 ಮಿಲಿಬಾರಿಗೆ ಒಂದು ನಿಮಿಷ. ಪೈಪ್, ಬೆಂಡ್, ವಾಲ್ವ್ ಎಲ್ಲ ಸೇರಿ ಎರಡು ನಿಮಿಷ ಆಗಲಿ. ಹತ್ತು ನಿಮಿಷವಾದರೂ 1 ಮಿಲಿಬಾರ್ ದಾಟದಿದ್ದರೆ ದೊಡ್ಡ ಲೀಕ್ ಇದೆ, ಇಲ್ಲವೇ ಓ-ರಿಂಗ್ (ಜಾಯಿಂಟ್ ಮುಚ್ಚುವ ರಬ್ಬರ್ ಬಳೆ) ಜಾಗ ತಪ್ಪಿದೆ. 0.1ರ ಕೆಳಗೆ ನಿಧಾನವಾಗುವುದು ಸಹಜ, ಅಲ್ಲಿ ಗೋಡೆಗೆ ಅಂಟಿದ ನೀರಿನಂಶ ಹೊರಬರಲು ಶುರುವಾಗಿರುತ್ತದೆ. ಮಳೆಗಾಲದಲ್ಲಿ ಚೇಂಬರ್ ತೆರೆದಿಟ್ಟಿದ್ದರೆ ಇನ್ನೂ ನಿಧಾನ.

5×10⁻² ಆಸುಪಾಸಿಗೆ ಬಂದ ಮೇಲೆ ರಫಿಂಗ್ ನಿಲ್ಲಿಸಿ. ಇನ್ನೂ ಚೆನ್ನಾಗಿರಲಿ ಅಂತ ರೋಟರಿಯಲ್ಲೇ ಎಳೆಸುತ್ತಾ ಕೂತರೆ ಗಾಳಿಯ ಹರಿವು ಕಡಿಮೆಯಾಗಿ ಪಂಪಿನ ಎಣ್ಣೆಯ ಆವಿ ಚೇಂಬರ್ ಕಡೆಗೆ ಹಿಂದಕ್ಕೆ ಬರುತ್ತದೆ. ರಫಿಂಗ್ ಮುಚ್ಚಿ, ಬ್ಯಾಕಿಂಗ್ ತೆರೆಯಿರಿ, ಆಮೇಲೆ ಚೇಂಬರ್ ಮತ್ತು ಡಿಫ್ಯೂಷನ್ ಪಂಪ್ ನಡುವಿನ ಹೈ ವ್ಯಾಕ್ಯೂಮ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ತೆರೆಯುವಾಗ ಕಣ್ಣು ಬ್ಯಾಕಿಂಗ್ ಪಿರಾನಿಯ ಮೇಲಿರಲಿ. ಎಲ್ಲರೂ ಚೇಂಬರಿನ ಗೇಜ್ ನೋಡುತ್ತಾರೆ. ಆದರೆ ಡಿಫ್ಯೂಷನ್ ಪಂಪಿನ ಆರೋಗ್ಯ ಹೇಳುವುದು ಬ್ಯಾಕಿಂಗ್ ಗೇಜ್. ಅದು ಏರುತ್ತಾ 0.5 ಮಿಲಿಬಾರ್ ಕಡೆಗೆ ಹೋದರೆ ಎಣ್ಣೆಯ ಆವಿ ಮೇಲೆ ನುಗ್ಗುವ ಅಪಾಯ ಇದೆ, ವಾಲ್ವನ್ನು ಸ್ವಲ್ಪ ಮುಚ್ಚಿ ಕಾಯಿರಿ.

ಪೆನ್ನಿಂಗ್ ಯಾವಾಗ ಹಾಕಬೇಕು

ಡಚ್ ಭೌತವಿಜ್ಞಾನಿ ಫ್ರಾನ್ಸ್ ಪೆನ್ನಿಂಗ್ 1937ರಲ್ಲಿ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಇದನ್ನು ಮಾಡಿದರು. ಒಳಗೆ ಒಂದು ಬಳೆಯಾಕಾರದ ಆನೋಡ್, ಅದಕ್ಕೆ 2ರಿಂದ 3 ಸಾವಿರ ವೋಲ್ಟ್. ಎರಡು ಬದಿಗೆ ಕ್ಯಾಥೋಡ್ ತಟ್ಟೆಗಳು, ಹೊರಗೆ ಬಲವಾದ ಅಯಸ್ಕಾಂತ. ಅಯಸ್ಕಾಂತದಿಂದಾಗಿ ಎಲೆಕ್ಟ್ರಾನ್ ನೇರವಾಗಿ ಆನೋಡಿಗೆ ಹೋಗದೆ ಸುತ್ತಿ ಸುತ್ತಿ ಹೋಗುತ್ತದೆ, ದಾರಿ ಉದ್ದವಾದಷ್ಟೂ ಗ್ಯಾಸ್ ಅಣುವಿಗೆ ಡಿಕ್ಕಿ ಹೊಡೆಯುವ ಸಾಧ್ಯತೆ ಜಾಸ್ತಿ. ಹಾಗೆ ಹುಟ್ಟಿದ ಅಯಾನುಗಳ ಕರೆಂಟೇ ಮೀಟರಿಗೆ ಬರುವುದು. 10⁻² ಮಿಲಿಬಾರಿನಿಂದ 10⁻⁶, ಚೆನ್ನಾಗಿದ್ದರೆ 10⁻⁷ವರೆಗೆ ಕೆಲಸ ಮಾಡುತ್ತದೆ.

ಪಿರಾನಿ 5×10⁻³ಕ್ಕಿಂತ ಕೆಳಗೆ ಹೋದ ಮೇಲೆ ಪೆನ್ನಿಂಗ್ ಹಾಕಿ. ಮುಂಚೆಯೇ ಹಾಕಿದರೆ ಒಳಗೆ ಜೋರಾಗಿ ಡಿಸ್ಚಾರ್ಜ್ (ಗ್ಯಾಸ್ ಮೂಲಕ ಕರೆಂಟ್ ಹರಿಯುವುದು) ಆಗಿ ಕ್ಯಾಥೋಡಿನ ಲೋಹ ಕಿತ್ತು ಸುತ್ತಲೂ ಅಂಟುತ್ತದೆ, ಎಣ್ಣೆಯ ಆವಿ ಇದ್ದರೆ ಸುಟ್ಟು ಕಪ್ಪಾಗುತ್ತದೆ.

ಈಗ ಈ ಲೇಖನದಲ್ಲಿ ನೆನಪಿಡಲೇಬೇಕಾದ ವಿಷಯ. ಪೆನ್ನಿಂಗಿನಲ್ಲಿ ಕರೆಂಟ್ ಕಡಿಮೆ ಅಂದರೆ ಒತ್ತಡ ಕಡಿಮೆ ಅಂತ ಅರ್ಥ. ಕರೆಂಟೇ ಇಲ್ಲದಿದ್ದರೆ? ಮೀಟರ್ ಅತ್ಯುತ್ತಮ ವ್ಯಾಕ್ಯೂಮ್ ತೋರಿಸುತ್ತದೆ. ಡಿಸ್ಚಾರ್ಜ್ ಶುರುವಾಗದಿದ್ದರೂ ಹಾಗೆ, ಕೇಬಲ್ ಕಿತ್ತು ಬಂದಿದ್ದರೂ ಹಾಗೆ, ಹೈ ವೋಲ್ಟೇಜ್ ಸಪ್ಲೈ ಸತ್ತಿದ್ದರೂ ಹಾಗೆ. ಚೇಂಬರಿನಲ್ಲಿ ಪೂರ್ತಿ ಗಾಳಿ ತುಂಬಿದ್ದಾಗಲೂ ಡಿಸ್ಚಾರ್ಜ್ ಆಗದೆ ಮುಳ್ಳು ಆ ತುದಿಗೇ ಹೋಗಿ ಕೂರಬಹುದು. ಆದ್ದರಿಂದ ಪೆನ್ನಿಂಗನ್ನು ಎಂದೂ ಒಂಟಿಯಾಗಿ ಓದಬೇಡಿ. ಪಿರಾನಿ ತನ್ನ ಕೆಳ ತುದಿಗೆ ಇಳಿದಿದೆ, ಪೆನ್ನಿಂಗ್ ಮೊದಲು 10⁻³ ಆಸುಪಾಸು ತೋರಿಸಿ ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂದಿದೆ, ಈ ಎರಡನ್ನೂ ಕಣ್ಣಾರೆ ನೋಡಿದ್ದರೆ ಅಂಕಿ ನಂಬಿ. ಹಾಕಿದ ಕೂಡಲೇ 10⁻⁶ ತೋರಿಸಿದರೆ ಖುಷಿಪಡಬೇಡಿ, ಕಾಯಿರಿ. ತುಂಬ ಕಡಿಮೆ ಒತ್ತಡದಲ್ಲಿ ಡಿಸ್ಚಾರ್ಜ್ ಹೊತ್ತಿಕೊಳ್ಳಲು ಕೆಲವು ನಿಮಿಷವೇ ಬೇಕಾಗಬಹುದು. ಇದೇ ಕಾರಣಕ್ಕೆ ಪೆನ್ನಿಂಗ್ ತೋರಿಸುವ ಒತ್ತಡವನ್ನು ಆಧರಿಸಿ, ಲೋಹವನ್ನು ಆವಿ ಮಾಡುವ ಫಿಲಮೆಂಟ್ ತಾನಾಗಿ ಚಾಲೂ ಆಗುವಂತೆ ಸರ್ಕ್ಯೂಟ್ ಮಾಡಿದ್ದರೆ ಅದರ ಜೊತೆಗೆ ಪಿರಾನಿಯ ಷರತ್ತೂ ಸೇರಿಸಿ.

ಅಂಕಿ ಬರೆಯುವಾಗ 3.27×10⁻⁵ ಅಂತ ಬರೆಯಬೇಡಿ. ಪೆನ್ನಿಂಗ್ ಚೆನ್ನಾಗಿದ್ದರೂ 30 ಪರ್ಸೆಂಟ್ ಆಚೀಚೆ ಇರುತ್ತದೆ, ಕೊಳೆಯಾಗಿದ್ದರೆ ಎರಡು ಪಟ್ಟು ತಪ್ಪಬಹುದು. 3×10⁻⁵ ಅಂದರೆ ಸಾಕು.

ಒಳಗಿರುವ ಗ್ಯಾಸ್ ಯಾವುದು?

ಸ್ಪಟರಿಂಗ್ (ಅಯಾನುಗಳಿಂದ ಲೋಹ ಕಿತ್ತು ಪದರ ಕೂರಿಸುವುದು) ಮಾಡುವವರು ಆರ್ಗಾನ್ ಬಿಡುತ್ತಾರೆ. ಆರ್ಗಾನ್ ಶಾಖವನ್ನು ಅಷ್ಟಾಗಿ ಒಯ್ಯುವುದಿಲ್ಲ, ಹಾಗಾಗಿ ಪಿರಾನಿ ಕಡಿಮೆ ತೋರಿಸುತ್ತದೆ. 1 ಮಿಲಿಬಾರಿಗಿಂತ ಕೆಳಗೆ ತೋರಿಸಿದ್ದನ್ನು ಸುಮಾರು 1.6 ಅಥವಾ 1.7ರಿಂದ ಗುಣಿಸಿದರೆ ನಿಜವಾದ ಒತ್ತಡ. ಪೆನ್ನಿಂಗಿನಲ್ಲಿ ಇದು ತಿರುವುಮುರುವು: ಆರ್ಗಾನ್ ಸುಲಭವಾಗಿ ಅಯಾನಾಗುತ್ತದೆ, ಗೇಜ್ ಜಾಸ್ತಿ ತೋರಿಸುತ್ತದೆ, 0.8ರಿಂದ ಗುಣಿಸಬೇಕು. ಹೀಲಿಯಂ ಇದ್ದರೆ ಪೆನ್ನಿಂಗ್ ತೋರಿಸಿದ್ದಕ್ಕಿಂತ ನಿಜವಾದದ್ದು ಐದಾರು ಪಟ್ಟು ಜಾಸ್ತಿ.

ಇದರಲ್ಲಿ ಜೀವಕ್ಕೆ ಅಪಾಯದ ಒಂದು ಸಂಗತಿ ಇದೆ. ಈಗಿನ ಡಿಜಿಟಲ್ ಪಿರಾನಿಗಳಲ್ಲಿ ಗ್ಯಾಸ್ ಬಿಸಿಯಾಗಿ ಏರುವ ಹರಿವನ್ನೂ ಬಳಸಿಕೊಂಡು ವಾತಾವರಣದ ಒತ್ತಡದವರೆಗೂ ಓದುವ ಮಾದರಿಗಳಿವೆ. ನೈಟ್ರೋಜನ್‌ಗೆ ಹೊಂದಿಸಿದ ಅಂಥ ಗೇಜ್, ಚೇಂಬರಿನಲ್ಲಿ 760 ಟಾರ್ ಆರ್ಗಾನ್ ತುಂಬಿದಾಗಲೂ 20–25 ಟಾರ್ ಅಷ್ಟೇ ತೋರಿಸುತ್ತದೆ. ಇನ್ನೂ ತುಂಬಬೇಕು ಅಂತ ಸಿಲಿಂಡರ್ ತೆರೆದೇ ಇಟ್ಟರೆ ಚೇಂಬರ್ ಒತ್ತಡ ಹೊರಗಿನದಕ್ಕಿಂತ ಎಷ್ಟೋ ಮೇಲೆ ಹೋಗಿ ಗಾಜಿನ ಕಿಟಕಿ ಸಿಡಿಯಬಹುದು. ಆರ್ಗಾನ್ ತುಂಬುವಾಗ ಪಿರಾನಿ ನೋಡಿ ತುಂಬಲೇಬೇಡಿ. ರಿಲೀಫ್ ವಾಲ್ವ್ ಇರಲಿ, ಜೊತೆಗೆ ಗ್ಯಾಸ್ ಯಾವುದಾದರೂ ಒತ್ತಡವನ್ನೇ ಓದುವ ಡಯಾಫ್ರಾಮ್ ಗೇಜ್ ಇರಲಿ. ಕೆಪ್ಯಾಸಿಟೆನ್ಸ್ ಮ್ಯಾನೋಮೀಟರ್ ಅನ್ನುವುದು ಇದೇ ಜಾತಿಯ ದುಬಾರಿ ಗೇಜ್. ಸ್ಪಟರಿಂಗಿಗೆ ನಿಜಕ್ಕೂ ಬೇಕಾದದ್ದು ಅದು. ಬಜೆಟ್ ಇದ್ದರೆ ಎರಡನೇ ಪೆನ್ನಿಂಗ್ ಬದಲು ಇದನ್ನು ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಇಳಿಯುತ್ತಿಲ್ಲ. ಲೀಕೋ, ತೇವವೋ?

ಹೈ ವ್ಯಾಕ್ಯೂಮ್ ವಾಲ್ವ್ ಮುಚ್ಚಿ. ಚೇಂಬರ್ ಈಗ ಪಂಪಿನಿಂದ ಬೇರೆಯಾಯಿತು. ಪೆನ್ನಿಂಗ್ ಆಫ್ ಮಾಡಿ, ಪಿರಾನಿಯ ಅಂಕಿಯನ್ನು ನಿಮಿಷಕ್ಕೊಮ್ಮೆ ಬರೆದು ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಗೆರೆ ನೆಟ್ಟಗೆ ಏರುತ್ತಲೇ ಹೋದರೆ ಲೀಕ್. ಮೊದಲು ಏರಿ ಆಮೇಲೆ ಬಾಗಿ ಮಲಗಿದರೆ ತೇವ, ಇಲ್ಲವೇ ಒಳಗಿನ ಕೊಳೆ. ಲೀಕಿನ ಗಾತ್ರವೂ ಸಿಗುತ್ತದೆ: 30 ಲೀಟರ್ ಚೇಂಬರಿನಲ್ಲಿ 10 ನಿಮಿಷಕ್ಕೆ 2×10⁻²ರಿಂದ 8×10⁻²ಕ್ಕೆ ಏರಿತು ಅಂದರೆ, ಏರಿಕೆಯನ್ನು ಲೀಟರಿನಿಂದ ಗುಣಿಸಿ 600 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ 3×10⁻³ ಮಿಲಿಬಾರ್-ಲೀಟರ್. ನಿಮ್ಮ ಡಿಫ್ಯೂಷನ್ ಪಂಪ್ ಚೇಂಬರಿನಿಂದ ಸೆಕೆಂಡಿಗೆ 300 ಲೀಟರ್ ಎಳೆಯುತ್ತಿದ್ದರೆ ಒತ್ತಡ 10⁻⁵ರಲ್ಲಿ ನಿಂತುಬಿಡುತ್ತದೆ. ಎಷ್ಟು ಹೊತ್ತು ಕಾದರೂ ಅಷ್ಟೇ.

ಲೀಕ್ ಎಲ್ಲಿದೆ ಅಂತ ಹುಡುಕಲು ಅನುಮಾನ ಇರುವ ಜಾಯಿಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಹಾಕಿ ಪಿರಾನಿ ನೋಡಿ. ಲೀಕ್ ಅಲ್ಲಿದ್ದರೆ ಮುಳ್ಳು ಜಿಗಿಯುತ್ತದೆ. ದ್ರವ ತೂತನ್ನು ಮುಚ್ಚಿಕೊಂಡರೆ ಕ್ಷಣಕಾಲ ಇಳಿಯಲೂಬಹುದು. ಯಾವ ಕಡೆ ಹೋದರೂ ಅಲುಗಾಡಿತು ಅನ್ನುವುದೇ ಗುರುತು. ಹಲವರು ಅಸಿಟೋನ್ ಹಾಕುತ್ತಾರೆ, ಆದರೆ ವೈಟಾನ್ ಅನ್ನುವ ರಬ್ಬರಿನ ಓ-ರಿಂಗ್ ಅಸಿಟೋನಿಗೆ ಉಬ್ಬಿ ಹಾಳಾಗುತ್ತದೆ. ಎರಡಕ್ಕೂ ಬೆಂಕಿ ಹತ್ತುತ್ತದೆ, ಹೀಟರ್ ಹತ್ತಿರ ಬೇಡವೇ ಬೇಡ.

ಎಸಿ ಕೆಲಸ ಮಾಡುವವರ ಮೈಕ್ರಾನ್ ಗೇಜಿನಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. 500 ಮೈಕ್ರಾನಿಗೆ ಎಳೆಸಿ, ವಾಲ್ವ್ ಮುಚ್ಚಿ ಹತ್ತು ನಿಮಿಷ ನೋಡುತ್ತಾರೆ. ಅಂಕಿ ಏರಿ ಒಂದು ಕಡೆ ನಿಂತರೆ ಪೈಪಿನಲ್ಲಿ ತೇವ ಉಳಿದಿದೆ, ನಿಲ್ಲದೆ ಏರಿದರೆ ಲೀಕ್. ಗೇಜನ್ನು ಪಂಪಿನ ಬಾಯಿಗೇ ಹಾಕಿದರೆ ಪಂಪಿನ ವ್ಯಾಕ್ಯೂಮ್ ಕಾಣುತ್ತದೆ, ಪೈಪಿನದಲ್ಲ. ಪಂಪಿನಿಂದ ದೂರದ ತುದಿಗೆ ಹಾಕಿ.

ಜಾಗದ ಮಾತು ಕೋಟಿಂಗ್ ಯೂನಿಟ್ಟಿಗೂ ಸಲ್ಲುತ್ತದೆ. ಗೇಜ್ ಇರಬೇಕಾದದ್ದು ನಿಮ್ಮ ಸ್ಯಾಂಪಲ್ ಇರುವ ಕಡೆ. ಉದ್ದನೆಯ ಸಣ್ಣ ಕೊಳವೆಯ ತುದಿಯಲ್ಲಿ ಕೂರಿಸಿದರೆ ಕೊಳವೆಯ ಗೋಡೆಯಿಂದ ಬರುವ ನೀರಿನಂಶವನ್ನೇ ಓದುತ್ತಾ ಕೂರುತ್ತದೆ. ಹೆಡ್‌ನ ಬಾಯಿ ಕೆಳಮುಖವಾಗಿರಲಿ, ಎಣ್ಣೆ, ಪುಡಿ ಒಳಗೆ ಬೀಳಬಾರದು. ಆವಿಯಾಗುವ ಲೋಹಕ್ಕೆ ನೇರ ಎದುರಾಗಿಯೂ ಇರಬಾರದು.

ಕೊಳೆ ತೆಗೆಯುವುದು

ಪೆನ್ನಿಂಗ್ ಕೊಳೆಯಾದರೆ ಎರಡು ತರಹ ಕೆಡುತ್ತದೆ. ತಟ್ಟೆಗಳ ಮೇಲೆ ಕಂದು ಪದರ ಕಟ್ಟಿದರೆ ಕರೆಂಟ್ ಕಡಿಮೆಯಾಗಿ ವ್ಯಾಕ್ಯೂಮ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಿರಾಮಿಕ್ ಇನ್ಸುಲೇಟರ್ ಮೇಲೆ ಲೋಹದ ಪದರ ಕೂತರೆ ಅದರ ಮೂಲಕವೇ ಕರೆಂಟ್ ಹರಿದು ಅಂಕಿ ಮೇಲೆ ಸಿಕ್ಕಿಕೊಳ್ಳುತ್ತದೆ. ಎರಡನೆಯದನ್ನು ಹಿಡಿಯಲು ಸುಲಭದ ದಾರಿ ಇದೆ. ಚೇಂಬರ್ ಹೈ ವ್ಯಾಕ್ಯೂಮ್‌ನಲ್ಲಿರುವಾಗ ಪೆನ್ನಿಂಗ್ ಆಫ್ ಮಾಡಿ, ಅಯಸ್ಕಾಂತ ಕಳಚಿಟ್ಟು, ಪೆನ್ನಿಂಗನ್ನು ಮತ್ತೆ ಆನ್ ಮಾಡಿ. ಅಯಸ್ಕಾಂತ ಇಲ್ಲದೆ ಡಿಸ್ಚಾರ್ಜ್ ಆಗುವುದಿಲ್ಲ. ಆಗಲೂ ಮೀಟರ್ ಏನಾದರೂ ತೋರಿಸಿದರೆ ಅದು ಇನ್ಸುಲೇಟರಿನ ಸೋರಿಕೆ.

ಬಿಚ್ಚುವ ಮುಂಚೆ ಪ್ಲಗ್ ಕೀಳಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಇದು ಸಾವಿರಾರು ವೋಲ್ಟಿನ ಸಂಗತಿ. ಪೇಸ್‌ಮೇಕರ್ ಇರುವವರು ಆ ಅಯಸ್ಕಾಂತದ ಹತ್ತಿರ ಬರಬಾರದು. ಕ್ಯಾಥೋಡ್ ತಟ್ಟೆ ಮತ್ತು ಬಳೆಯನ್ನು ನಯವಾದ ಎಮರಿ ಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಪುಡಿ ಒರೆಸಿ, ಲೋಹದ ಭಾಗಗಳನ್ನು ಅಸಿಟೋನಿನಲ್ಲಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಬಿಸಿ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಗಂಟೆಗಟ್ಟಲೆ ಆವಿ ಬಿಡುತ್ತದೆ.

ಪಿರಾನಿಗೆ ಈ ಉಜ್ಜಾಟ ಬೇಡ. ಒಳಗಿನ ತಂತಿ ಕೂದಲಿಗಿಂತ ತೆಳ್ಳಗಿರುತ್ತದೆ, ಹತ್ತಿ ಕಡ್ಡಿ ತಾಗಿದರೂ ಹರಿಯುತ್ತದೆ. ಹೆಡ್ ಒಳಗೆ ಆಲ್ಕೋಹಾಲ್ ಸುರಿದು, ನಿಧಾನವಾಗಿ ತಿರುಗಿಸಿ, ಚೆಲ್ಲಿ, ಒಂದು ರಾತ್ರಿ ಬಾಯಿ ಕೆಳಗೆ ಮಾಡಿ ಒಣಗಲು ಬಿಡಿ. ಮಾರನೇ ದಿನ ಕೂರಿಸಿ ಗಾಳಿಯ ಗುರುತು, ಸೊನ್ನೆಯ ಗುರುತು ಎರಡನ್ನೂ ಮತ್ತೆ ಹೊಂದಿಸಿ. ಸ್ಕ್ರೂ ಎಷ್ಟು ತಿರುಗಿಸಿದರೂ ಮುಳ್ಳು ಗಾಳಿಯ ಗುರುತಿಗೆ ಬರದಿದ್ದರೆ ಆ ಹೆಡ್ ಬದಲಿಸಿ.